ಹರಗಿದ ಹೊಲದ ಜೋಳ ಹಸಿರ, ಹರಗದ ಹೊಲದ್ದು ಹಳದಿ. ಯಾಕ್ರೀ ಹಿಂಗ?

ಎರಿಹೊಲ ಇಂಡಿ:

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಇಂಡಿ ತಾಲೂಕು, ಆಳ ಎರಿ (ಕರಿ ಮಣ್ಣಿನ) ಭೂಮಿ, ಮಳಿ ಮ್ಯಾಲಿನ ಒಕ್ಕಲತನ. ಬೋರಿಲ್ಲ, ಕಾಲುವಿ ನೀರು ನಮ್ಮ ಹೊಲದ ತನಕ ಬಂದಿಲ್ಲ. 8 ಎಕರೆ ಒಂದ ಪಟ್ಟಿ ಇತ್ತು. ಪಾಲಾದ ಮ್ಯಾಲ 4 ಎಕರೆ ನನಗ, 4 ಎಕರೆ ಅಣ್ಣಗ, ನಡುವ ಒಂದು ಬದು. ಅದಕ್ಕ ಮಣ್ಣು ಬ್ಯಾರೆ ಅನ್ನೂ ಹಂಗಿಲ್ಲ. ಹೋದ ವರ್ಷ ಎರಡೂ ಕಡೆ ಹಿಂಗಾರಿ ಜೋಳನ ಇತ್ತು.

ನಾನು ಅಪ್ಪನ ಪದ್ಧತಿನ ಹಿಡಿದೀನಿ. ಮುಂಗಾರಿಗೆ ಹೊಲ ಖಾಲಿ ಬಿಟ್ಟು, ಮಿರಗದ ಮಳಿ (ಜೂನ್) ಆದಾಗಿಂದ ಹುಲ್ಲು ಕಂಡಾಗೆಲ್ಲ ಕುಂಟಿ ಹೊಡಿಸಿ ಮ್ಯಾಲಿನ ಮಣ್ಣು ಹರಗಿದೆ. ಎತ್ತು ಈಗಿಲ್ಲ, ಟ್ರ್ಯಾಕ್ಟರ್ ಕುಂಟಿ. ಅಣ್ಣ ಮೊಬೈಲ್‌ನ್ಯಾಗ ವಿಡಿಯೋ ನೋಡಿ ನೋಡಿ "ಭೂಮಿ ಮುಟ್ಟಬಾರದು" ಅಂತ ಹಟ ಹಿಡಿದ. ಹೋದ ಸಲ ತೆನಿ ಅಷ್ಟ ಕೊಯ್ದು ಕಣಿಕಿ (ಜೋಳದ ದಂಟು) ಹೊಲದಾಗ ಬಿಟ್ಟ. (ಅವಂಗ ದನ ಇಲ್ಲ. ಮಾರಿದ್ರ ರೊಕ್ಕ ಬರ್ತಿತ್ತು, ಅದು ಮನಿಯೊಳಗಿನ ಬ್ಯಾರೆ ಜಗಳ.) ಮುಂಗಾರಿಯೊಳಗ ಕಸ ಮೊಣಕಾಲ ಮಟ ಎದ್ದ ಮ್ಯಾಲ ಕಳೆನಾಶಕ ಹೊಡಿಸಿದ. ಆಮ್ಯಾಲ ಉಳದೆ, ಹರಗದೆ ಬಿತ್ತೋ ಯಂತ್ರ ಬಾಡಿಗಿಗೆ ತಂದು ಆ ಕಣಿಕಿ ನಡುವನ ಬಿತ್ತಿದ.

ಬಿತ್ತಿದ್ದು ಇಬ್ಬರೂ ಹಸ್ತದ ಮಳಿಯಾಗ (ಸಪ್ಟೆಂಬರ್ ಕೊನಿ, ಅಕ್ಟೋಬರ್ ಸುರು), ಒಂದ ದಿನ. ಬೀಜ ಎರಡೂ ಕಡೆ ಮಾಲದಂಡಿ, ಎಂ 35-1. ಗೊಬ್ಬರ ಎಕರೆಗೆ ಒಂದು ಚೀಲ ಡಿಎಪಿ, ಅದೂ ಎರಡೂ ಕಡೆ. ಈಗ ಬೆಳಿ ಮೊಣಕಾಲ ದಾಟೇದ. ನನ್ನ ಜೋಳ ಕಪ್ಪಗ ಹಸಿರ ಅದ. ಅಣ್ಣನ ಜೋಳ ಗಿಡ್ಡ, ಎಲಿ ಹಳದಿ. ಬದುವಿನ ಮ್ಯಾಲ ನಿಂತ್ರ ಗೆರಿ ಕೊರದಂಗ ಕಾಣ್ತದ. ಆದ್ರ ಗುದ್ದಲಿಯಿಂದ ಕೆದರಿ ನೋಡಿದ್ರ ಹಸಿ ಅವನ ಹೊಲದಾಗನ ಹೆಚ್ಚು. ನನ್ನ ಹೊಲದಾಗ ಗೇಣು ಒಣಗೇದ, ಅವನಲ್ಲಿ ನಾಕು ಬಟ್ಟು ಕೆಳಗನ ತಂಪು ಸಿಗ್ತದ.

ನನ್ನ ತಲಿಗೆ ಹತ್ತದ್ದು ಇದು: ಉಳುಮಿ ಮಾಡಿದ್ರ ಮಣ್ಣಿನ ಸತ್ವ ಹೋಗ್ತದ, ಮಾಡದಿದ್ರ ಸಾರಜನಕ ಹೆಚ್ಚಾಗ್ತದ ಅಂತ ಎಲ್ಲಾ ಕಡೆ ಹೇಳ್ತಾರ. ಹಂಗಾದ್ರ ಹಳದಿ ಆಗಬೇಕಾದ್ದು ನನ್ನ ಹೊಲ ಅಲ್ಲೇನ್ರೀ? ಗೊಬ್ಬರದ ಅಂಗಡ್ಯಾಗ ಕೇಳಿದ್ರ ಒಂದು ಟಾನಿಕ್ ಬಾಟ್ಲಿ ಕೈಗೆ ಕೊಟ್ರು. ಅಣ್ಣ ಮನಿಯೊಳಗ ಮಾತಾಡವಲ್ಲ. ಈಗೇನು ಮಾಡಬೇಕು, ಮುಂದಿನ ವರ್ಷ ನಾನು ಹರಗಬೇಕೋ ಬಿಡಬೇಕೋ, ತಿಳಿದವರು ಹೇಳ್ರಿ.

ರೋಣದ ರೈತ:

ಕೆಳಗಿನ ಎಲಿ ಹಳದಿ ಆಗ್ಯಾವೋ, ಸುಳಿ ಎಲಿಯೋ? ಅದನ್ನ ಮೊದಲ ಹೇಳ್ರಿ. ಸುಳಿ ಬೆಳ್ಳಗಾಗಿ ನರ ಅಷ್ಟ ಹಸಿರ ಉಳಿದಿದ್ರ ಅದು ಕಬ್ಬಿಣದ ಕೊರತಿ, ಸುಣ್ಣದ ಅಂಶ ಇರೋ ಎರಿಯೊಳಗ ನಮ್ಮಲ್ಲೂ ಬರ್ತದ. ಅದಕ್ಕ ಔಷಧ ಬ್ಯಾರೆ.

ಎರಿಹೊಲ ಇಂಡಿ:

ಕೆಳಗಿನವು ರೀ. ತುದಿಯಿಂದ ಸುರು ಆಗಿ ನಡುವಿನ ದಂಟು ಹಿಡಕೊಂಡು ಒಳಗ ಬರ್ತದ. ಸುಳಿ ತೆಳು ಹಸಿರ ಅದ, ಬೆಳ್ಳಗಿಲ್ಲ.

ಮಣ್ಣು ಮಾಸ್ತರ:

ತುದಿಯಿಂದ ನಡುದಂಟಿನ ಗುಂಟ ಒಳಗೆ ಇಳಿಯುವ ಹಳದಿ, ಅದೂ ಹಳೆಯ ಎಲೆಯಲ್ಲಿ. ಅದು ಸಾರಜನಕದ ಹಸಿವೇ. ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತಿದೆ. ಟಾನಿಕ್ ಬಾಟ್ಲಿ ವಾಪಸ್ ತಗೊಂಡರೆ ಕೊಟ್ಟು ಬಾ.

ತಮ್ಮಾ, ನಿನ್ನ ಪ್ರಶ್ನೆ ಓದಿ ಖುಷಿಯಾಯಿತು. ಒಂದೇ ಮಣ್ಣು, ಒಂದೇ ಬೀಜ, ಒಂದೇ ದಿನದ ಬಿತ್ತಿಗೆ, ನಡುವೆ ಒಂದು ಬದು. ಇಂಥ ಜೋಡಿ ಹೊಲ ಬೇಕೆಂದರೆ ಸಂಶೋಧನೆ ಮಾಡುವವರು ಯೋಜನೆ ಬರೆದು, ಹಣ ಕೇಳಿ, ಮಂಜೂರಾತಿಗೆ ಕಾಯಬೇಕು. ನಿಮ್ಮ ಮನೆಯಲ್ಲಿ ಪಾಲಾದದ್ದಕ್ಕೆ ಪುಕ್ಕಟೆ ಸಿಕ್ಕಿದೆ. ನಾನು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು. ಹುದ್ದೆ ದೊಡ್ಡದಲ್ಲ, ಆದರೆ ಎರೆಮಣ್ಣಿನ ಚೀಟಿ ಕಟ್ಟಿದ ಚೀಲ ಬಿಚ್ಚಿ ಬಿಚ್ಚಿ ಉಗುರು ಕಪ್ಪಾದವನು. ಲೆಕ್ಕ ಮಾಡದೆ ಮಾತಾಡುವುದು ನನಗೆ ಬರುವುದಿಲ್ಲ, ಸ್ವಲ್ಪ ಸಹಿಸಿಕೋ.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ತೂಗಿದರೆ ಸುಮಾರು 750 ಟನ್. ನಿಮ್ಮ ಕಡೆಯ ಒಣ ಎರೆಯಲ್ಲಿ ಸಾವಯವ ಇಂಗಾಲ ಬಹುತೇಕ ಶೇ. 0.5ಕ್ಕಿಂತ ಕಡಿಮೆ, ಶೇ. 0.4 ಎಂದು ಹಿಡಿ. ಅಂದರೆ 3,000 ಕೆಜಿ ಇಂಗಾಲ. ಸುಮಾರು 12 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ, ಹಾಗಾಗಿ 250 ಕೆಜಿ ಸಾರಜನಕ. ಯೂರಿಯಾಕ್ಕೆ ಹೋಲಿಸಿದರೆ 45 ಕೆಜಿಯ 12 ಚೀಲದಷ್ಟು! ಆದರೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾವಯವ ರೂಪದಲ್ಲಿ ಬಿಗಿದುಕೊಂಡಿದೆ, ಬೇರಿಗೆ ದಕ್ಕುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿಂದು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡಿದಾಗಲೇ ಜೋಳಕ್ಕೆ ಊಟ. ನಮ್ಮಂಥ ಬಿಸಿಲು ನಾಡಿನಲ್ಲಿ ವರ್ಷಕ್ಕೆ ಶೇ. 2ರಿಂದ 4 ಹೀಗೆ ಬಿಡುಗಡೆಯಾಗುತ್ತದೆ ಎಂದರೆ 5ರಿಂದ 10 ಕೆಜಿ, ಕೆಳಗಿನ ಪದರದ್ದು ಸೇರಿದರೆ ಇನ್ನಷ್ಟು. ಎಕರೆಗೆ 5 ಕ್ವಿಂಟಲ್ ಜೋಳ, ಅದರ ಕಣಿಕೆ ಸೇರಿ ಹೊಲದಿಂದ ಎತ್ತುವುದು ಸುಮಾರು 12 ಕೆಜಿ ಸಾರಜನಕ. ನಿಮ್ಮ ಅಪ್ಪ, ಅಜ್ಜ ಯೂರಿಯಾ ಕಾಣದೆಯೂ ನಾಲ್ಕೈದು ಕ್ವಿಂಟಲ್ ಬೆಳೆದದ್ದು ಹೇಗೆ ಎಂಬುದಕ್ಕೆ ಈ ಎರಡು ಅಂಕಿ ಸಾಕು.

ಈಗ ಕುಂಟೆಯ ವಿಷಯ. ಕುಂಟೆ ಹೊಡೆದರೆ ಸಾರಜನಕ ಹುಟ್ಟುವುದಿಲ್ಲ. ಇದ್ದದ್ದು ಬೇಗ ಬಿಚ್ಚಿಕೊಳ್ಳುತ್ತದೆ, ಅಷ್ಟೇ. ಹೆಂಟೆ ಒಡೆದಾಗ ಒಳಗೆ ಮುಚ್ಚಿಕೊಂಡಿದ್ದ ಸಾವಯವ ಅಂಶ ಗಾಳಿಗೂ ಸೂಕ್ಷ್ಮಜೀವಿಗಳಿಗೂ ಸಿಗುತ್ತದೆ. ಅದರ ಮೇಲೆ ಒಣಗುವುದು, ಮಳೆಗೆ ನೆನೆಯುವುದು, ಮತ್ತೆ ಒಣಗುವುದು. ಒಣ ಮಣ್ಣು ನೆನೆದ ಕೂಡಲೇ ಕೆಲವು ದಿನ ಸಾರಜನಕ ಭರ್ರನೆ ಬಿಡುಗಡೆಯಾಗುತ್ತದೆ. 1950ರ ದಶಕದಲ್ಲಿ ಎಚ್.ಎಫ್. ಬರ್ಚ್ ಎಂಬುವರು ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ಅಳೆದು ತೋರಿಸಿದರು, ಇವತ್ತಿಗೂ ಅದಕ್ಕೆ ಬರ್ಚ್ ಪರಿಣಾಮ ಎಂದೇ ಹೆಸರು. ಮಿರಗದಿಂದ ಹುಬ್ಬಿ ತನಕ ನಿನ್ನ ಹೊಲದಲ್ಲಿ ಆದದ್ದು ಇದೇ. ಮಳೆ, ಕುಂಟೆ, ಬಿಸಿಲು, ಮತ್ತೆ ಮಳೆ. ಬೆಳೆ ಇಲ್ಲದ್ದರಿಂದ ತಿನ್ನುವವರಿಲ್ಲ, ನೈಟ್ರೇಟ್ ಮಣ್ಣಲ್ಲೇ ಕೂಡುತ್ತಾ ಹೋಯಿತು. ನಿನ್ನ ಜೋಳ ಈಗ ತಿನ್ನುತ್ತಿರುವುದು ಡಿಎಪಿ ಚೀಲದಲ್ಲಿದ್ದ 9 ಕೆಜಿ ಮಾತ್ರ ಅಲ್ಲ, ನಾಲ್ಕು ತಿಂಗಳು ಹರಗಿ ಕೂಡಿಸಿದ್ದೂ ಹೌದು.

ಇನ್ನೊಂದು, ಇದನ್ನು ಜನ ಮರೆಯುತ್ತಾರೆ: ಕುಂಟೆಯ ಅರ್ಧ ಪುಣ್ಯ ಕಸ ಕಿತ್ತದ್ದಕ್ಕೆ. ಅಣ್ಣನ ಹೊಲದಲ್ಲೂ ಒಂದಿಷ್ಟು ನೈಟ್ರೇಟ್ ಬಿಡುಗಡೆಯಾಗಿರುತ್ತದೆ. ಮೊಣಕಾಲ ಮಟ ಎದ್ದ ಕಸ ಅದನ್ನು ಕುಡಿದುಬಿಟ್ಟಿತು. ಕಳೆನಾಶಕ ಹೊಡೆದಾಗ ಕಸ ಸತ್ತಿತು, ಆದರೆ ಅದರ ಮೈಯೊಳಗಿನ ಸಾರಜನಕ ವಾಪಸ್ ಮಣ್ಣಿಗೆ ಬರಲು ಕೊಳೆಯಬೇಕು, ಕೊಳೆಯಲು ಹಸಿ ಬೇಕು, ಮೇಲ್ಮೈ ಈಗ ಒಣಗಿದೆ. ಕಸ ಚಿಕ್ಕದಿದ್ದಾಗಲೇ ಹೊಡೆದಿದ್ದರೆ ಚಿತ್ರ ಬೇರೆ ಇರುತ್ತಿತ್ತು.

ಮೂರನೆಯದು ಕಣಿಕೆ. ಜೋಳದ ಕಣಿಕೆಯಲ್ಲಿ 1 ಪಾಲು ಸಾರಜನಕಕ್ಕೆ 70 ಪಾಲಿನ ಹತ್ತಿರ ಇಂಗಾಲ. ಎಕರೆಗೆ ಒಂದೂವರೆ ಟನ್ ಬಿಟ್ಟಿದ್ದಾನೆ ಎಂದುಕೊಂಡರೆ ಅದರಲ್ಲಿ 600 ಕೆಜಿ ಇಂಗಾಲ, ಎಂಟೂವರೆ ಕೆಜಿ ಸಾರಜನಕ. ಸೂಕ್ಷ್ಮಜೀವಿಗಳು ಆ ಇಂಗಾಲದ ಮೂರನೇ ಒಂದು ಪಾಲನ್ನು ತಮ್ಮ ಮೈಯಾಗಿಸಿಕೊಳ್ಳುತ್ತವೆ, ಅಂದರೆ 200 ಕೆಜಿ. ಅವುಗಳ ಮೈಗೆ ಬೇಕಾದ ಪ್ರಮಾಣ 8ಕ್ಕೆ 1, ಹಾಗಾಗಿ 25 ಕೆಜಿ ಸಾರಜನಕ ಬೇಕು. ಕಣಿಕೆಯಲ್ಲೇ ಇರುವುದು ಎಂಟೂವರೆ, ಉಳಿದ 16 ಚಿಲ್ಲರೆ ಕೆಜಿ ಮಣ್ಣಿನಿಂದ, ನಿಮ್ಮ ಡಿಎಪಿಯಿಂದ ಕಸಿದುಕೊಳ್ಳುತ್ತವೆ. ಇದು ಕಣಿಕೆ ಪೂರ್ತಿ ಮಣ್ಣಲ್ಲಿ ಬೆರೆತು ಕೊಳೆತರೆ ಬರುವ ಲೆಕ್ಕ. ಮೇಲೆ ಬಿದ್ದ ಕಣಿಕೆ ನಿಧಾನ ಕೊಳೆಯುತ್ತದೆ, ಮಣ್ಣಿಗೆ ತಾಗಿದಷ್ಟು ಮಾತ್ರ ಕಸಿಯುತ್ತದೆ. ಆದ್ದರಿಂದ ಅಣ್ಣನ ಹೊಲದ ಹಳದಿಗೆ ಕಣಿಕೆಯೊಂದನ್ನೇ ದೂರಬೇಡ. ಹರಗದೇ ಇದ್ದದ್ದು, ಕಸ, ಕಣಿಕೆ ಮೂರೂ ಸೇರಿವೆ, ನನ್ನ ಅಂದಾಜಿನಲ್ಲಿ ಕಸದ ಪಾಲೇ ದೊಡ್ಡದು.

"ಉಳುಮೆ ಬಿಟ್ಟರೆ ಸಾರಜನಕ ಹೆಚ್ಚುತ್ತದೆ" ಎಂಬ ಮಾತು ಸುಳ್ಳಲ್ಲ. ಆದರೆ ಅದು ಆ 250 ಕೆಜಿಯ ದಾಸ್ತಾನಿನ ಬಗ್ಗೆ, ಅದೂ ವರ್ಷಗಟ್ಟಲೆ ತಾಳಿದ ಮೇಲೆ, ಅದೂ ಮೇಲಿನ ನಾಲ್ಕಾರು ಬೆರಳಿನಲ್ಲಿ. ಹಗೇವು (ಕಾಳು ತುಂಬಿಡುವ ನೆಲಗುಂಡಿ) ತುಂಬಿದೆ ಅಂದ ಮಾತ್ರಕ್ಕೆ ತಾಟಿಗೆ ರೊಟ್ಟಿ ಬರುವುದಿಲ್ಲ. ವಿಡಿಯೋದವರು ಹಗೇವಿನ ಸುದ್ದಿ ಹೇಳುತ್ತಾರೆ, ನಿನ್ನ ಅಣ್ಣನ ಜೋಳ ರೊಟ್ಟಿ ಕೇಳುತ್ತಿದೆ.

ಆದರೆ ಬದುವಿನ ಮೇಲೆ ನಿಂತು ಗೆದ್ದೆ ಅಂತ ಮೀಸೆ ತಿರುವಬೇಡ. ನಿಮ್ಮಲ್ಲಿ ಹಿಂಗಾರಿ ಜೋಳ ಬದುಕುವುದು ಮಣ್ಣಲ್ಲಿ ಹಿಡಿದಿಟ್ಟ ಹಸಿಯ ಮೇಲೆ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು, ಬಿತ್ತಿದ ಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾರಜನಕ ಹೆಚ್ಚಿದ್ದ ಬೆಳೆ ಆರಂಭದಲ್ಲಿ ಸೊಕ್ಕಿ, ಅಗಲ ಎಲೆ ಬಿಟ್ಟು, ನೀರನ್ನೆಲ್ಲ ಬೇಗ ಕುಡಿದುಬಿಡುತ್ತದೆ. ತೆನೆ ಬಿಚ್ಚಿ ಕಾಳು ಹಾಲು ತುಂಬುವ ಹೊತ್ತಿಗೆ ಹಸಿ ಮುಗಿದಿರುತ್ತದೆ. ಕಣಿಕೆ ಭರ್ಜರಿ, ಕಾಳು ಜೊಳ್ಳು. ಅದೇ ಹೊತ್ತಿನಲ್ಲಿ ಬುಡ ಒಳಗೊಳಗೇ ಕಪ್ಪಾಗಿ, ಟೊಳ್ಳಾಗಿ, ಗಾಳಿಗೆ ಅಡ್ಡ ಬೀಳುವ ರೋಗವೂ ಇಂಥ ಬೆಳೆಗೇ ಜಾಸ್ತಿ. ಅಣ್ಣನ ಹೊಲದಲ್ಲಿ ನಾಲ್ಕು ಬಟ್ಟಿನ ಕೆಳಗೆ ತಂಪು ಇದೆ ಅಂದೆಯಲ್ಲ, ಅವನಿಗೆ ನೀರಿದೆ, ಊಟ ಇಲ್ಲ. ನಿನಗೆ ಊಟ ಇದೆ, ನೀರು ಎಷ್ಟು ದಿನ ಬರುತ್ತದೋ ನೋಡಬೇಕು. ಸುಗ್ಗಿಗೆ ಇಬ್ಬರ ಕಾಳೂ ಬೇರೆ ಬೇರೆ ತೂಗಿ ಇಲ್ಲಿ ಹಾಕು.

ಈಗ ಏನು ಮಾಡಬೇಕು ಅಂದರೆ: ಒಣಗಿದ ಮೇಲ್ಮಣ್ಣಿಗೆ, ಅದರಲ್ಲೂ ಕಣಿಕೆಯ ಮೇಲೆ, ಯೂರಿಯಾ ಎರಚಬೇಡ. ನಿಮ್ಮ ಮಣ್ಣಿನ ರಸಸಾರ (ಪಿಎಚ್) 8ರ ಮೇಲೆ, ಅಮೋನಿಯಾ ಆಗಿ ಹಾರಿಹೋಗುತ್ತದೆ. ಶೇ. 2ರ ಯೂರಿಯಾ ದ್ರಾವಣ, ಅಂದರೆ ಲೀಟರಿಗೆ 20 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಎಕರೆಗೆ 200 ಲೀಟರ್ ಹೊಡೆದರೂ ಅದು 4 ಕೆಜಿ ಯೂರಿಯಾ, ಎರಡು ಕೆಜಿಗೂ ಕಡಿಮೆ ಸಾರಜನಕ. ಹಳದಿ ಸ್ವಲ್ಪ ಕಳೆಯುತ್ತದೆ, ಹೊಟ್ಟೆ ತುಂಬುವುದಿಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಒಂದು ವಿಶಾಖದ ಮಳೆಯೋ ಅನುರಾಧದ ಮಳೆಯೋ ಬಂದರೆ ಆಗ ಸಾಲಿನ ಪಕ್ಕ ಎಕರೆಗೆ ಅರ್ಧ ಚೀಲ ಯೂರಿಯಾ ಮಣ್ಣೊಳಗೆ ಹೋಗುವಂತೆ ಕೊಡಲಿ. ಮಳೆ ಬರದಿದ್ದರೆ ರೊಕ್ಕ ಜೇಬಿನಲ್ಲೇ ಇರಲಿ.

ರೋಣದ ರೈತ:

ಮಾಸ್ತರ್ರ, ಇದನ್ನೆಲ್ಲ ಓದಿದ್ರ ಹರಗೂದ ಚೊಲೋ ಅಂದಂಗ ಆತಲ್ರೀ? ನಮ್ಮ ಹಿರಿಯರು ಹುಚ್ಚರೇನಲ್ಲ ಮತ್ತ.

ಮಾಲೂರಿನ ರಾಗಿ ಹೊಲ:

ಎಲ್ಲಾ ಮಣ್ಣಿಗೂ ಇದೇ ಮಾತು ಅಂದ್ಕೋಬೇಡಿ ಅಣ್ಣ. ನಮ್ದು ಕೆಂಪು ಮಣ್ಣು, ರಾಗಿ. ನಮ್ ಕಡೆ ಏಪ್ರಿಲ್, ಮೇನಲ್ಲಿ ಒಂದೆರಡು ಹದ ಮಳೆ ಬಿದ್ರೆ ಎಲ್ರೂ ಟ್ರ್ಯಾಕ್ಟರ್ ಹಿಡ್ಕೊಂಡು ಓಡ್ತಾರೆ. ಉಳ್ತಾರೆ, ಮತ್ತೆ ಉಳ್ತಾರೆ. ರಾಗಿ ಬಿತ್ತೋದು ಜುಲೈಗೆ. ಮಾಸ್ತರು ಹೇಳಿದ ಹಾಗೆ ಮೊದಲ ಮಳೆಗೆ ಬಿಡುಗಡೆ ಆದ ಸಾರಜನಕ ಆ ಎರಡು ತಿಂಗಳು ಏನು ಮಾಡುತ್ತೆ? ಎರೆ ಮಣ್ಣು ನೀರು ಹಿಡ್ಕೊಂಡ ಹಾಗೆ ಮರಳು ಮಿಶ್ರಿತ ಕೆಂಪು ಮಣ್ಣು ಹಿಡ್ಕೊಳಲ್ಲ, ನೈಟ್ರೇಟ್ ಅನ್ನೋದಂತೂ ನೀರು ಹೋದ ಕಡೆಗೇ ಹೋಗುತ್ತೆ. ನಾವು ಬಿತ್ತೋ ಹೊತ್ತಿಗೆ ಅದು ರಾಗಿ ಬೇರು ಮುಟ್ಟದಷ್ಟು ಕೆಳಗೆ.

ನಾನು ಆ ಮಳೆಗೆ ಹೊಲ ಬರಿದಾಗಿ ಬಿಡಲ್ಲ. ಅಲಸಂದೆ ಚೆಲ್ಲಿ, ಹೂ ಬರೋ ಹೊತ್ತಿಗೆ ಮಡಚಿ ಉಳ್ತೀನಿ. ಬಿಡುಗಡೆ ಆದದ್ದನ್ನ ಅದೇ ಹಿಡಿದಿಟ್ಟುಕೊಂಡು ರಾಗಿಗೆ ವಾಪಸ್ ಕೊಡುತ್ತೆ, ಜೊತೆಗೆ ಗಾಳಿಯಿಂದ ತನ್ನದೂ ಒಂದಿಷ್ಟು ತರುತ್ತೆ. ರಾಗಿ ಹುಟ್ಟಿದ ಮೇಲೆ ಹಲುಬೆ (ಹಲ್ಲಿನ ಕುಂಟೆ) ಹೊಡೆದು, ಕುಂಟೆ ಹಾಕಿದ ವಾರದಲ್ಲಿ ಪೈರು ಕಪ್ಪಗಾಗೋದು ಎಲ್ಲರೂ ನೋಡಿರ್ತೀರ. ನಮ್ಮತ್ತೆ "ರಾಗಿಗೆ ಗಾಳಿ ಆಡ್ತು" ಅಂತಿದ್ರು. ಅದೂ ಇದೇ ಲೆಕ್ಕಾನೇ ಅಲ್ವಾ ಮಾಸ್ತರೇ? ಆದ್ರೆ ಆಗ ತಿನ್ನೋಕೆ ಪೈರು ನಿಂತಿರುತ್ತೆ, ಪೋಲಾಗಲ್ಲ. ಉಳುಮೆ ಮಾಡ್ಬೇಕಾ ಬೇಡ್ವಾ ಅಂತ ಕೇಳೋ ಬದಲು ಯಾವಾಗ ಮಾಡ್ಬೇಕು ಅಂತ ಕೇಳಿದ್ರೆ ನಮ್ ಜಗಳ ಅರ್ಧ ತೀರುತ್ತೆ.

ಟುವೂಂಬಾ ಕನ್ನಡಿಗ:

ಊರು ರಾಣೆಬೆನ್ನೂರು ಕಡೆ, ಈಗಿರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ, ಟುವೂಂಬಾ ಊರಿನಲ್ಲಿ. ಇಲ್ಲಿನ ಡಾರ್ಲಿಂಗ್ ಡೌನ್ಸ್ ಬಯಲಿಗೆ ಮೊದಲ ಸಲ ಹೋದಾಗ ನಿಜವಾಗಿ ನಗು ಬಂತು. ಅದೇ ಕರಿ ಮಣ್ಣು, ಬೇಸಿಗೆಯಲ್ಲಿ ಅದೇ ಕಾಲು ಸಿಕ್ಕಿಕೊಳ್ಳುವ ಬಿರುಕು, ಅದೇ ಜೋಳ. ಇಲ್ಲಿ ಜೋಳ ದನಕ್ಕೆ ಹಾಕುತ್ತಾರೆ, ಗೋಧಿ ಮನುಷ್ಯರಿಗೆ.

ಇಂಡಿಯವರ ಬದುವಿನ ಜಗಳವನ್ನು ಇಲ್ಲಿಯವರು ದಶಕಗಟ್ಟಲೆ ಅಳೆದಿದ್ದಾರೆ. ವಾರ್ವಿಕ್ ಊರಿನ ಹತ್ತಿರ ಹರ್ಮಿಟೇಜ್ ಎಂಬ ಸಂಶೋಧನಾ ಕೇಂದ್ರದಲ್ಲಿ 1968ರಲ್ಲಿ ಒಂದು ಪ್ರಯೋಗ ಶುರುವಾಯಿತು, ಕರಿ ಮಣ್ಣಿನ ಮೇಲೆಯೇ. ಉಳುವುದು, ಉಳದೇ ಬಿಡುವುದು. ಕೂಳೆ ಸುಡುವುದು, ಕೂಳೆ ಉಳಿಸುವುದು. ಅದರ ಮೇಲೆ ಸಾರಜನಕ ಇಲ್ಲದೆ, ಸ್ವಲ್ಪ ಕೊಟ್ಟು, ಹೆಚ್ಚು ಕೊಟ್ಟು. ಕಂಡದ್ದು ಇಂಡಿಯಲ್ಲಿ ಕಂಡದ್ದೇ: ಉಳದೆ ಕೂಳೆ ಉಳಿಸಿದ ಕಡೆ ಬಿತ್ತುವ ಹೊತ್ತಿಗೆ ಮಣ್ಣಿನಲ್ಲಿ ನೀರು ಹೆಚ್ಚು, ನೈಟ್ರೇಟ್ ಕಡಿಮೆ. ಸಾರಜನಕ ಕೊಡದಿದ್ದರೆ ಆ ಹೆಚ್ಚಿನ ನೀರು ಬೆಳೆಗೆ ದಕ್ಕಲಿಲ್ಲ. ಕೊಟ್ಟಾಗ ದಕ್ಕಿತು. ಇಲ್ಲಿಯ ರೈತರು ಉಳುಮೆ ಬಿಟ್ಟದ್ದು ಗೊಬ್ಬರದ ಖರ್ಚು ಉಳಿಯುತ್ತದೆ ಅಂತಲ್ಲ. ನೀರು ಉಳಿಯುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ, ಡೀಸೆಲ್ ಉಳಿಯುತ್ತದೆ ಅಂತ. ಯೂರಿಯಾ ಅವರು ಹೆಚ್ಚೇ ಕೊಡುತ್ತಾರೆ. ವಿಡಿಯೋಗಳಲ್ಲಿ ಈ ಒಂದು ಸಾಲು ಮಾತ್ರ ಯಾಕೋ ಕಾಣೆಯಾಗುತ್ತದೆ.

ರೋಣದವರಿಗೆ ಒಂದು ಮಾತು. ಹುಲ್ಲುಗಾವಲನ್ನು ಹೊಸದಾಗಿ ಉತ್ತಾಗ ಇಲ್ಲಿಯೂ ಗೊಬ್ಬರವಿಲ್ಲದೆ ಗೋಧಿ ಚಿನ್ನದ ಹಾಗೆ ಬಂತು, ವರ್ಷಗಟ್ಟಲೆ ಬಂತು. ಆಮೇಲೆ ಗೋಧಿಯ ಪ್ರೋಟೀನ್ ಇಳಿಯತೊಡಗಿತು. ಕಾಳಿನಲ್ಲಿ ಪ್ರೋಟೀನ್ ಶೇ. 11.5ಕ್ಕಿಂತ ಕೆಳಗೆ ಬಂದರೆ ಇಳುವರಿಗೂ ಸಾರಜನಕ ಸಾಲದೇ ಹೋಗಿತ್ತು ಎಂದೇ ಇಲ್ಲಿ ಲೆಕ್ಕ. ಹಿರಿಯರು ಹುಚ್ಚರಲ್ಲ, ಸರಿ. ಅವರ ಕಾಲದಲ್ಲಿ ಮಣ್ಣಿನಲ್ಲಿದ್ದದ್ದು ನಮ್ಮ ಕಾಲದಲ್ಲಿ ಅಷ್ಟಿಲ್ಲ. ಮತ್ತೆ ಅವರಿಗೆ ತಿಪ್ಪೆ ಇತ್ತು.

ಮಣ್ಣು ಮಾಸ್ತರ:

ಮಾಲೂರಿನ ತಂಗಿ, ಹೌದು, ಅದೇ ಲೆಕ್ಕ. ನಿಮ್ಮತ್ತೆ ಹೇಳಿದ್ದೂ ಸರಿಯೇ, ಸೂಕ್ಷ್ಮಜೀವಿಗಳಿಗೂ ಗಾಳಿ ಬೇಕು.

ಎರೆ ಮಣ್ಣಿನಲ್ಲೂ ಕಳ್ಳದಾರಿ ಇದೆ. ಆರಿದ್ರದಿಂದ ಹರಗಿ ಕೂಡಿಸಿದ್ದನ್ನು ಉತ್ತರಿ ಮಳೆ ಒಂದು ರಾತ್ರಿಯಲ್ಲಿ ಒಯ್ಯಬಹುದು. ಸಪ್ಟೆಂಬರ್ ನಿಮ್ಮಲ್ಲಿ ಜೋರು ಮಳೆಯ ತಿಂಗಳು. ನೀರು ನಿಂತ ಎರೆಯಲ್ಲಿ ಗಾಳಿ ಆಡುವುದಿಲ್ಲ, ಆಗ ಬೇರೆ ಜಾತಿಯ ಸೂಕ್ಷ್ಮಜೀವಿಗಳು ನೈಟ್ರೇಟನ್ನೇ ಉಸಿರಾಡಿ ಅನಿಲ ಮಾಡಿ ಬಿಟ್ಟುಬಿಡುತ್ತವೆ. ಬಿರುಕು ಇನ್ನೂ ಮುಚ್ಚಿಲ್ಲದಿದ್ದರೆ ಕೆಳಗೂ ಜಾರುತ್ತದೆ. ಹರಗಿಯೂ ಜೋಳ ಹಳದಿಯಾದ ವರ್ಷಗಳು ನಿಮ್ಮ ಅಪ್ಪನಿಗೆ ನೆನಪಿರುತ್ತವೆ, ಕೇಳಿ ನೋಡು. ಹೆಚ್ಚಾಗಿ ಅವು ಉತ್ತರಿ ಕೆರೆ ಒಡೆದು ಸುರಿದ ವರ್ಷಗಳೇ ಇರಬೇಕು.

ರೋಣದವರೆ, ಹರಗುವುದು ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ತೀರ್ಪು ಕೊಡುವುದಿಲ್ಲ. ಪ್ರತಿ ವರ್ಷ ಮಣ್ಣು ಮಗುಚುವ ಪಲ್ಟಿ ನೇಗಿಲು ಹೊಡೆಯುವುದು ಒಣ ಎರೆಗೆ ದಂಡ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕರಿಕೆ, ಜೇಕು ಹೊಕ್ಕ ಹೊಲಕ್ಕೆ ಒಮ್ಮೆ ಹೊಡೆಯಲಿ, ಸಾಕು. ರೋಟಾವೇಟರಂತೂ ಎರೆಯನ್ನು ಹಿಟ್ಟು ಮಾಡಿ ಮಳೆಗೆ ಕೆನೆಗಟ್ಟಿಸುತ್ತದೆ. ಎರಡು ಮೂರು ಬಟ್ಟು ಆಳದ ಕುಂಟೆ ಬೇರೆ ಮಾತು: ಕಸ ಕೀಳುತ್ತದೆ, ಬಿರುಕು ಮುಚ್ಚುತ್ತದೆ, ಕೆಳಗಿನದನ್ನು ಕೆದಕುವುದಿಲ್ಲ.

ಎರಿಹೊಲ ಇಂಡಿ:

ಕಾಕಾ, ದೊಡ್ಡ ಉಪಕಾರ ಆತು. ನಿಮ್ಮದನ್ನ ಅಣ್ಣಗ ಓದಿ ತೋರಿಸಿದೆ. "ನೀರು ನನ್ನ ಹೊಲದಾಗ ಅದ ಅಂತ ಬರದಾರಲ್ಲ" ಅಂತ ಅದೊಂದ ಸಾಲು ಎರಡು ಸಲ ಓದಿಸಿದ. ಅಪ್ಪನೂ ಹೂಂ ಅಂದ; ಹಂತಾ ಒಂದು ವರ್ಷ ಹೊಲದಾಗ ಕಪ್ಪಿ ಒದರಿದ್ವು, ಜೋಳ ಬೆಳ್ಳಗ ಇತ್ತು, ಯಾಕಂತ ಆಗ ತಿಳಿದಿದ್ದಿಲ್ಲ ಅಂತಾನ.

ಮುಂದಿನ ವರ್ಷಕ್ಕ ಒಂದು ವಿಚಾರ ಬಂದದ. ಮಿರಗದಾಗ ಹೆಸರು ಬಿತ್ತಿ, ಹೆಸರು ಬಿಡಿಸಿ, ಅದರ ಮ್ಯಾಲ ಜೋಳ ಬಿತ್ತಿದ್ರ ಹೆಂಗ? ಮುಂಗಾರಿಗೆ ಹೊಲ ಖಾಲಿ ಬಿಡೂದು ತಪ್ತದ. ಆದ್ರ ಹಿಂಗಾರಿಗೆ ಹಸಿ ಉಳಿತದೋ ಇಲ್ಲೋ ಅಂತ ಅಂಜಿಕಿ. ಅಣ್ಣ ಮಾತ್ರ ಉಳುಮಿ ಮಾಡೂದಿಲ್ಲ ಅಂತನ ಕುಂತಾನ.

ಮಣ್ಣು ಮಾಸ್ತರ:

ಕುಂತರೆ ಕೂಡಲಿ, ನೀರಿನ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ಕೆಲವು ವರ್ಷ ಅವನು ನಿನಗಿಂತ ಹೆಚ್ಚು ಸಾರಜನಕ ಕೊಡಲೇಬೇಕು. ಡಿಎಪಿಯ 9 ಕೆಜಿಯ ಮೇಲೆ ಎಕರೆಗೆ ಇನ್ನೂ ಅರ್ಧ ಚೀಲ ಯೂರಿಯಾ, ಅಂದರೆ ಸುಮಾರು 10 ಕೆಜಿ ಸಾರಜನಕ, ಬಿತ್ತುವಾಗಲೇ. ಕಣಿಕೆಯ ಮೇಲೆ ಚೆಲ್ಲುವಂತಿಲ್ಲ. ಕಣಿಕೆಯ ಕೆಳಗೆ, ಬೀಜದಿಂದ ನಾಲ್ಕು ಬೆರಳು ಪಕ್ಕಕ್ಕೆ ಬೀಳಬೇಕು. ಬೀಜಕ್ಕೇ ತಾಗಿದರೆ ಯೂರಿಯಾ ಮೊಳಕೆ ಸುಡುತ್ತದೆ. ಮತ್ತೆ ಕಸ ನಾಲ್ಕು ಎಲೆ ಇದ್ದಾಗಲೇ ಮುಗಿಸಬೇಕು. ಅವನ ಪದ್ಧತಿಗೆ ಜೋಳದ ಹಿಂದೆ ಜೋಳ ಆಗದು. ಒಂದು ವರ್ಷ ಕಡಲೆ ಹಾಕಲಿ. ಕಡಲೆ ತನ್ನ ಸಾರಜನಕದ ಬಹುಪಾಲು ತಾನೇ ಮಾಡಿಕೊಳ್ಳುತ್ತದೆ, ಅದರ ಹೊಟ್ಟು, ಎಲೆ ಕಣಿಕೆಯಷ್ಟು ಕಸಿಯುವುದಿಲ್ಲ.

ಹೆಸರಿನ ಬಗ್ಗೆ ನಿನ್ನ ಅಂಜಿಕೆ ಸರಿಯಾದದ್ದೇ. ಮಿರಗದಲ್ಲಿ ಹದ ಸಿಕ್ಕಿ ಬಿತ್ತಿದರೆ ಎರಡು ತಿಂಗಳು ಚಿಲ್ಲರೆಯಲ್ಲಿ ಹೆಸರು ಕೈಗೆ ಬರುತ್ತದೆ, ಉತ್ತರಿ, ಹಸ್ತದ ಮಳೆಗೆ ಮಣ್ಣು ಮತ್ತೆ ತುಂಬಿಕೊಳ್ಳಲು ಸಮಯ ಇರುತ್ತದೆ. ಪುಷ್ಯದ ಮಳೆಯ (ಜುಲೈ ಕೊನೆ) ತನಕ ಹದವೇ ಸಿಗದಿದ್ದರೆ ಹೆಸರಿನ ಆಸೆ ಬಿಡು. ಆಗ ಸೆಣಬು ಚೆಲ್ಲಿ ಆರೇಳು ವಾರಕ್ಕೆ ಮಡಚು, ಕಡ್ಡಿ ಗಟ್ಟಿಯಾಗುವ ಮೊದಲೇ. ಮಡಚಿದ ಮೇಲೆ ಒಂದು ಮಳೆ ಬಿದ್ದು ಕೊಳೆಯಬೇಕು, ಇಲ್ಲದಿದ್ದರೆ ಅದೂ ಕಣಿಕೆಯ ಆಟವನ್ನೇ ಆಡುತ್ತದೆ. 4 ಎಕರೆಯನ್ನೂ ಒಮ್ಮೆಗೇ ಪಣಕ್ಕೆ ಇಡಬೇಡ, ಒಂದು ಎಕರೆ ಮಾಡಿ ನೋಡು. ಮಳೆಗಾಲಕ್ಕೆ ಮೊದಲು, ನೀರು ಅಲ್ಲಲ್ಲೇ ನಿಂತು ಇಂಗುವಂತೆ, ಚೌಕು ಮಡಿ ಕಟ್ಟುವುದನ್ನು ಮಾತ್ರ ಇಬ್ಬರೂ ತಪ್ಪಿಸಬೇಡಿ, ಅಣ್ಣನೂ ಅಷ್ಟರಮಟ್ಟಿಗೆ ಮಣ್ಣು ಮುಟ್ಟಲಿ.

ಇನ್ನೊಂದು ಕೆಲಸ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ "ಲಭ್ಯ ಸಾರಜನಕ" ಎಂದು ಒಂದು ಅಂಕಿ ಇರುತ್ತದಲ್ಲ, ಹೆಕ್ಟೇರಿಗೆ 280 ಕೆಜಿಗಿಂತ ಕಡಿಮೆ ಇದ್ದರೆ "ಕಡಿಮೆ" ಅಂತ? ಅದನ್ನು ನೋಡಿ ನಿಮ್ಮಿಬ್ಬರ ಹೊಲದ ವ್ಯತ್ಯಾಸ ತಿಳಿಯುವುದಿಲ್ಲ. ಆ ಪರೀಕ್ಷೆ ಸುಲಭವಾಗಿ ಬಿಚ್ಚಿಕೊಳ್ಳುವ ಸಾವಯವ ಸಾರಜನಕವನ್ನು ಅಳೆಯುತ್ತದೆ, ಈಗ ಬೇರಿನ ಮುಂದೆ ಇರುವ ನೈಟ್ರೇಟನ್ನಲ್ಲ. ಎರಡೂ ಹೊಲಕ್ಕೆ ಒಂದೇ ಅಂಕಿ ಬಂದರೂ ನನಗೆ ಆಶ್ಚರ್ಯ ಇಲ್ಲ. ಮುಂದಿನ ಸಲ ಬಿತ್ತುವ ವಾರ, ಗೊಬ್ಬರ ಹಾಕುವ ಮೊದಲು, ಎರಡೂ ಕಡೆ ಮಣ್ಣು ತೆಗೆ. ಒಂದೊಂದು ಹೊಲದಲ್ಲಿ ಹತ್ತು ಹನ್ನೆರಡು ಕಡೆ. 0ರಿಂದ 15, 15ರಿಂದ 30, 30ರಿಂದ 60 ಸೆಂಟಿಮೀಟರ್ ಬೇರೆ ಬೇರೆ ಬುಟ್ಟಿ. ಯೂರಿಯಾದ ಚೀಲದಲ್ಲಿ ತುಂಬಬೇಡ. ಪ್ರಯೋಗಾಲಯದಲ್ಲಿ "ನೈಟ್ರೇಟ್ ನೋಡಿ" ಅಂತ ಬಾಯಿ ಬಿಟ್ಟು ಕೇಳು, ಕೇಳದಿದ್ದರೆ ಮಾಡುವುದಿಲ್ಲ. ಹಸಿ ಮಣ್ಣನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬೈಕಿಗೆ ನೇತುಹಾಕಿ ನಾಳೆ ನಾಡಿದ್ದು ಕೊಟ್ಟರಾಯಿತು ಅಂದರೆ ಚೀಲದೊಳಗೇ ಸೂಕ್ಷ್ಮಜೀವಿಗಳು ಕೆಲಸ ಮಾಡಿ ಅಂಕಿ ಕೆಡಿಸುತ್ತವೆ. ಅದೇ ದಿನ ನೆರಳಲ್ಲಿ ತೆಳ್ಳಗೆ ಹರವಿ ಒಣಗಿಸು, ಇಲ್ಲವೇ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅವತ್ತೇ ಮುಟ್ಟಿಸು.

ಎರಿಹೊಲ ಇಂಡಿ:

ಆತ್ರೀ ಕಾಕಾ. ಐಸ್ ಡಬ್ಬಿ ಅಣ್ಣನ ಮನ್ಯಾಗ ಅದ, ಕೇಳ್ತೀನಿ.